ಮುಳ್ಳು ಕದಲದ ದಿನಗಳು

ಪ್ರಯತ್ನಕ್ಕೂ ಫಲಕ್ಕೂ ನಡುವೆ ಒಂದು ಅಂತರವಿದೆ. ಕೃಷಿಕನಿಗೆ ಇದು ಹೊಸ ಸಂಗತಿಯಲ್ಲ. ರಾಗಿ ಬಿತ್ತಿದವನು ಮೂರು ನಾಲ್ಕು ತಿಂಗಳು ಕಾಯುತ್ತಾನೆ; ತೆಂಗಿನ ಸಸಿ ನೆಟ್ಟವನು ಐದಾರು ವರ್ಷ ಕಾಯುತ್ತಾನೆ. ಮೊಳಕೆ ಬಂದಿದೆಯೇ ಎಂದು ದಿನವೂ ಮಣ್ಣು ಕೆದಕಿ ನೋಡುವ ರೈತ ಯಾವ ಊರಿನಲ್ಲಿಯೂ ಇಲ್ಲ. ಆದರೆ ನಮ್ಮ ದೇಹದ ವಿಷಯಕ್ಕೆ ಬಂದಾಗ ಈ ತಾಳ್ಮೆ ನಮ್ಮಿಂದ ದೂರ ಸರಿಯುತ್ತದೆ. ಇಪ್ಪತ್ತು ವರ್ಷಗಳಲ್ಲಿ ಸೇರಿಕೊಂಡ ತೂಕ ಇಪ್ಪತ್ತು ದಿನಗಳಲ್ಲಿ ಇಳಿದುಹೋಗಬೇಕೆಂದು ಬಯಸುತ್ತೇವೆ. ಇಳಿಯದಿದ್ದರೆ, “ನಮ್ಮ ವಂಶವೇ ದಪ್ಪ, ಏನು ಮಾಡಿದರೂ ಅಷ್ಟೇ” ಎಂದು ಕೈಚೆಲ್ಲುತ್ತೇವೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಜನವರಿಯ ಮೊದಲ ವಾರದಲ್ಲಿ ಕಾಣುವ ಹೊಸ ಮುಖಗಳಲ್ಲಿ ಎಷ್ಟು ಮುಖಗಳು ಮಾರ್ಚ್ ತಿಂಗಳವರೆಗೆ ಉಳಿಯುತ್ತವೆ ಎಂಬುದನ್ನು ಅಲ್ಲಿ ನಿತ್ಯ ನಡೆಯುವವರೆಲ್ಲರೂ ಬಲ್ಲರು.

ನಾನೂ ಹಾಗೆ ಒಂದು ಜನವರಿಯಲ್ಲಿ ಆ ಏರಿಯ ಮೇಲೆ ಹೆಜ್ಜೆ ಇಟ್ಟವಳು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನಂತರ, 2023ರ ಆರಂಭದಲ್ಲಿ, ರಕ್ತಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.3 ಎಂದು ಬಂದಿತು. 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು, 6.5 ಆದರೆ ಮಧುಮೇಹ. ನನ್ನ ತೂಕ 71 ಕಿಲೋ, ಎತ್ತರ 155 ಸೆಂಟಿಮೀಟರ್. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 29ನ್ನು ಮೀರಿತ್ತು. ಭಾರತೀಯರಾದ ನಮಗೆ ಈ ಸೂಚ್ಯಂಕ 23 ದಾಟಿದೊಡನೆಯೇ ಎಚ್ಚರಿಕೆ ಬೇಕೆಂದು ವೈದ್ಯರು ಹೇಳುತ್ತಾರೆ.

ಈ ಅಂಕಿಗಳು ನನ್ನನ್ನು ಕಲಕಿದ್ದಕ್ಕೆ ಕಾರಣವಿದೆ. ನನ್ನ ತಾಯಿ ಮಧುಮೇಹಿಯಾಗಿದ್ದರು. ಪಾದದಲ್ಲಿ ಆದ ಒಂದು ಸಣ್ಣ ಗಾಯ ಮಾಯದೆ ಕೊಳೆತು, ಕೊನೆಗೆ ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು. ಮಳೆಯಿರಲಿ ಚಳಿಯಿರಲಿ ಮುಂಜಾನೆಯ ಪೂಜೆಗೆ ನಡೆದೇ ಹೋಗುತ್ತಿದ್ದ ಜೀವ ಅದು. ಆಮೇಲಿನ ಏಳು ವರ್ಷ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಗಂಟೆಯ ಸದ್ದು ಕೇಳಿದಾಗ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಒಂದು ದಿನವೂ ಗೊಣಗಲಿಲ್ಲ. ಆದರೆ ಆ ಕುರ್ಚಿ ಈಗಲೂ ನಮ್ಮ ಮನೆಯಲ್ಲಿದೆ. 6.3 ಎಂಬ ಅಂಕಿಯನ್ನು ಓದಿದಾಗ ನನಗೆ ಕಂಡದ್ದು ಆ ಕುರ್ಚಿಯೇ.

ಅಂದಿನಿಂದ ವಾರಕ್ಕೆ ಆರು ದಿನ, ದಿನಕ್ಕೆ ಮುಕ್ಕಾಲು ಗಂಟೆ ನಡೆಯತೊಡಗಿದೆ. ಕಾಫಿಗೆ ಸಕ್ಕರೆ ನಿಲ್ಲಿಸಿದೆ. ರಾತ್ರಿಯ ಅನ್ನವನ್ನು ಅರ್ಧಕ್ಕೆ ಇಳಿಸಿ, ಸೊಪ್ಪು, ಹುರುಳಿಕಾಯಿ, ಮೊಳಕೆಕಾಳಿನ ಸಾರನ್ನು ಹೆಚ್ಚಿಸಿದೆ. ಕ್ರಿಸ್ಮಸ್‌ಗೆ ಮಾಡಿದ್ದ ಕಜ್ಜಾಯ, ಚಕ್ಕುಲಿಗಳ ಡಬ್ಬಿ ನೆರೆಮನೆಯ ಮಕ್ಕಳ ಪಾಲಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ಮೊದಲ ವಾರ 71. ಎರಡನೆಯ ವಾರ 70.5. ಮನಸ್ಸು ಹಿಗ್ಗಿತು. ಮೂರನೆಯ ವಾರ ಮತ್ತೆ 71. ನಾಲ್ಕು, ಐದು, ಆರನೆಯ ವಾರಗಳಲ್ಲಿಯೂ ಮುಳ್ಳು ಅಲ್ಲಿಯೇ ನಿಂತಿತ್ತು. ಅಷ್ಟರಲ್ಲಿ ಬೂದಿ ಬುಧವಾರ ಬಂದು ತಪಸ್ಸುಕಾಲ ಆರಂಭವಾಗಿತ್ತು. ದೇವಾಲಯದ ಅಂಗಳದಲ್ಲಿ ಪರಿಚಿತರೊಬ್ಬರು, “ಏನು ಟೀಚರ್, ದಿನವೂ ನಡೆಯುತ್ತೀರಿ, ಇದ್ದ ಹಾಗೇ ಇದ್ದೀರಲ್ಲಾ!” ಎಂದು ನಕ್ಕರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಆದರೂ ಮರುದಿನ ಐದೂವರೆಗೆ ಅಲಾರಾಂ ಹೊಡೆದಾಗ ಎದ್ದು ಚಪ್ಪಲಿ ಮೆಟ್ಟುವುದು ಬಹಳ ಕಷ್ಟವಾಯಿತು.

ಆ ವಾರವೇ ವೈದ್ಯರಲ್ಲಿಗೆ ಹೋದೆ. ನನ್ನ ಶಿಷ್ಯೆಯರ ವಯಸ್ಸಿನ ಹೆಣ್ಣುಮಗಳು. ನನ್ನ ಅಳಲನ್ನೆಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ತೂಕ ಪ್ರತಿವರ್ಷ ಏನಾಗುತ್ತಿತ್ತು?” ಏರುತ್ತಿತ್ತು ಎಂದೆ. “ಹಾಗಾದರೆ ಏರುವುದು ನಿಂತದ್ದನ್ನು ನೀವು ಏಕೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ?” ಎಂದರು. ಬಳಿಕ ಒಂದು ಕಾಗದ ತೆಗೆದುಕೊಂಡು, ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಂತೆ ನನಗೆ ಲೆಕ್ಕ ಹೇಳಿಕೊಟ್ಟರು.

ಆ ಲೆಕ್ಕವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳಷ್ಟು ಶಕ್ತಿ ಅಡಗಿದೆ. ನನ್ನ ತೂಕದವರು ಮುಕ್ಕಾಲು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ವ್ಯಯವಾಗುವುದು ಹೆಚ್ಚೆಂದರೆ 150ರಿಂದ 200 ಕ್ಯಾಲೊರಿ. ವಾರಕ್ಕೆ ಆರು ದಿನದಂತೆ ಆರು ವಾರ ನಡೆದರೂ ಒಟ್ಟು ಮೊತ್ತ ಒಂದು ಕಿಲೋ ಕೊಬ್ಬಿನ ಬೆಲೆಯನ್ನು ಮುಟ್ಟುವುದಿಲ್ಲ. ಇನ್ನು ಆಹಾರ: ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 150 ಕ್ಯಾಲೊರಿ. ಅಂದರೆ ಬೆಳಗಿನ ನಡಿಗೆಯಿಂದ ವ್ಯಯವಾದಷ್ಟೇ ಶಕ್ತಿ ಸಕ್ಕರೆಯ ಡಬ್ಬಿಯಿಂದ ನಮಗೆ ಅರಿವಿಲ್ಲದೆ ಒಳಗೆ ಬರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯೂ ಸುಮಾರು 120 ಕ್ಯಾಲೊರಿ. ನಡಿಗೆಯೊಂದರಿಂದಲೇ ತೂಕ ಬೇಗ ಇಳಿಯುವುದಿಲ್ಲ ಎಂಬುದಕ್ಕೂ, ಅಡಿಗೆಮನೆಯ ಸಣ್ಣ ಬದಲಾವಣೆಗೆ ದೊಡ್ಡ ಬೆಲೆಯಿದೆ ಎಂಬುದಕ್ಕೂ ಈ ಲೆಕ್ಕವೇ ಸಾಕ್ಷಿ.

ಇದರ ಜೊತೆಗೆ ತೂಕದ ಯಂತ್ರಕ್ಕೆ ಕೊಬ್ಬು, ನೀರು, ಮಾಂಸಖಂಡ, ಹೊಟ್ಟೆಯಲ್ಲಿರುವ ಊಟ ಇವುಗಳ ಭೇದ ತಿಳಿಯದು. ಎಲ್ಲವನ್ನೂ ಒಟ್ಟಾಗಿಯೇ ತೂಗುತ್ತದೆ. ಉಪ್ಪಿನಕಾಯಿ, ಹಪ್ಪಳ ಹೆಚ್ಚಾದ ದಿನ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಸದಾಗಿ ವ್ಯಾಯಾಮ ಆರಂಭಿಸಿದವರ ಮಾಂಸಖಂಡಗಳಲ್ಲಿಯೂ ಮೊದಲ ಕೆಲವು ವಾರ ನೀರು ನಿಲ್ಲುತ್ತದೆ. ಋತುಚಕ್ರವಿರುವ ಹೆಣ್ಣುಮಕ್ಕಳಲ್ಲಿ ತಿಂಗಳೊಳಗೇ ತೂಕ ಏರಿಳಿಯುವುದು ಸಹಜ. ಹೀಗೆ ಒಂದೆರಡು ಕಿಲೋ ಅತ್ತಿತ್ತ ಆಗುವಾಗ, ಅರ್ಧ ಕಿಲೋ ಕೊಬ್ಬು ಕರಗಿದ್ದು ಯಂತ್ರದ ಮೇಲೆ ಹೇಗೆ ತಾನೇ ಕಾಣೀತು? ಇಟಲಿಯ ಪಾದುವಾ ನಗರದಲ್ಲಿ ಬೋಧಿಸುತ್ತಿದ್ದ ಸಾಂಕ್ಟೋರಿಯಸ್ ಎಂಬ ವೈದ್ಯ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ತಾನು ಉಂಡದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ಸುಮಾರು ಮೂವತ್ತು ವರ್ಷ ತೂಗಿನೋಡಿ, 1614ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ. ಕಣ್ಣಿಗೆ ಕಾಣದಂತೆ ಚರ್ಮದಿಂದಲೂ ಉಸಿರಿನಿಂದಲೂ ಹೊರಹೋಗುವ ತೇವವೇ ಬಹಳಷ್ಟಿದೆ ಎಂದು ಆತ ಕಂಡುಕೊಂಡ. ಮೂವತ್ತು ವರ್ಷ ತೂಕ ನೋಡಿದವನ ಸಹನೆಯ ಮುಂದೆ ಆರು ವಾರದ ನನ್ನ ಅಸಹನೆ ಚಿಕ್ಕದಾಗಿ ಕಂಡಿತು.

ಆದರೆ ನನ್ನನ್ನು ನಿಜವಾಗಿಯೂ ಎತ್ತಿ ನಿಲ್ಲಿಸಿದ್ದು ಆ ವೈದ್ಯೆ ಹೇಳಿದ ಇನ್ನೊಂದು ಸಂಗತಿ. ನಮ್ಮ ನೆರೆಯ ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ನಡೆಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನನ್ನಂತೆ ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿ ಭಾರತೀಯರನ್ನು ಅದಕ್ಕೆ ಆರಿಸಿಕೊಂಡು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಮಾತ್ರ. ಇನ್ನೊಂದು ಗುಂಪಿನವರು ದಿನಕ್ಕೆ ಕನಿಷ್ಠ ಅರ್ಧ ಗಂಟೆ ನಡೆದು, ಸಕ್ಕರೆ ಮತ್ತು ಜಿಡ್ಡನ್ನು ಕಡಿಮೆ ಮಾಡಿ, ನಾರಿನಂಶವಿರುವ ಆಹಾರವನ್ನು ಹೆಚ್ಚಿಸಬೇಕಿತ್ತು. ಉಳಿದ ಎರಡು ಗುಂಪುಗಳಿಗೆ ಮಾತ್ರೆ ಕೊಡಲಾಗಿತ್ತು. ಮೂರು ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಜೀವನಕ್ರಮ ಬದಲಿಸಿಕೊಂಡವರಲ್ಲಿ ಸುಮಾರು 39 ಮಂದಿ ಮಾತ್ರ. ಅಚ್ಚರಿಯ ಸಂಗತಿಯೆಂದರೆ, ಹೀಗೆ ಬದಲಿಸಿಕೊಂಡವರ ಸರಾಸರಿ ತೂಕ ಗಮನಾರ್ಹವಾಗಿ ಇಳಿದಿರಲೇ ಇಲ್ಲ! ಮುಳ್ಳು ಕದಲದಿದ್ದರೂ ಅವರಲ್ಲಿ ಹಲವರು ಒಂದು ದೊಡ್ಡ ಕಾಯಿಲೆಯಿಂದ ಪಾರಾಗಿದ್ದರು.

ಇದು ಹೇಗೆ ಸಾಧ್ಯ? ನಡೆಯುವಾಗ ಕಾಲಿನ ಮಾಂಸಖಂಡಗಳು ರಕ್ತದಲ್ಲಿನ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ನಡಿಗೆ ಮುಗಿದ ಮೇಲೂ ಹಲವು ಗಂಟೆಗಳ ಕಾಲ ಇನ್ಸುಲಿನ್‌ನ ಮಾತನ್ನು ಅವು ಚೆನ್ನಾಗಿ ಕೇಳುತ್ತವೆ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರಿದ ಕೊಬ್ಬು ಕರಗತೊಡಗುತ್ತದೆ. ಯಕೃತ್ತಿನಲ್ಲಿ ಸೇರಿದ ಕೊಬ್ಬೂ ಕಡಿಮೆಯಾಗುತ್ತದೆ. ಇವೆಲ್ಲವೂ ಯಂತ್ರದ ಕಣ್ಣಿಗೆ ಬೀಳದ ಕೆಲಸಗಳು.

ತೂಕ ಇಳಿಸುವ ಅಗತ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹತೂಕದ ನೂರಕ್ಕೆ ಏಳು ಭಾಗ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವುದು ಗುರಿಯಾಗಿತ್ತು. ಆ ಗುಂಪಿನಲ್ಲಿ ಮಧುಮೇಹ ತಗಲುವ ಸಂಭವ ನೂರಕ್ಕೆ 58ರಷ್ಟು ತಗ್ಗಿತು. ನನ್ನ ಮಟ್ಟಿಗೆ ಏಳು ಭಾಗವೆಂದರೆ 5 ಕಿಲೋ. ಮದುವೆಯ ದಿನದ ತೂಕಕ್ಕೆ ಮರಳಬೇಕೆಂದು ಯಾರೂ ಕೇಳುತ್ತಿಲ್ಲ. ಐದು ಕಿಲೋ ಎಂದಾಗ ಬೆಟ್ಟದ ಎತ್ತರ ಕಡಿಮೆಯಾದಂತೆ ತೋರಿತು.

ಅಂದಿನಿಂದ ನಾನು ಎಣಿಸುವ ವಸ್ತುಗಳನ್ನು ಬದಲಿಸಿದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ನಡೆದ ದಿನಕ್ಕೊಂದು ಗುರುತು. ಅದು ನನ್ನ ಕೈಯಲ್ಲಿರುವ ಫಲ. ತೂಕ ನನ್ನ ಕೈಯಲ್ಲಿಲ್ಲ. ತಿಂಗಳಿಗೊಮ್ಮೆ ಹೊಲಿಗೆಯ ಟೇಪಿನಿಂದ ಸೊಂಟದ ಸುತ್ತಳತೆ. ಭಾರತೀಯ ಹೆಂಗಸರಿಗೆ ಇದು 80, ಗಂಡಸರಿಗೆ 90 ಸೆಂಟಿಮೀಟರ್ ಮೀರಬಾರದೆಂದು ಹೇಳುತ್ತಾರೆ. ನನ್ನದು 96 ಇತ್ತು. ದೇವಾಲಯದ ಮಹಡಿಯ ಮೆಟ್ಟಿಲು ಹತ್ತಿ ಗಾಯನವೃಂದದ ಬಳಿ ತಲುಪುವಾಗ ಏದುಸಿರು ಎಷ್ಟು ಎಂಬುದೂ ನನಗೊಂದು ಅಳತೆಯಾಯಿತು. ತೂಕ ನೋಡುವುದನ್ನು ಬಿಡಲಿಲ್ಲ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿನಲ್ಲಿ, ಏನೂ ತಿನ್ನುವ ಮುಂಚೆ ನೋಡಿ ಬರೆದಿಟ್ಟು, ನಾಲ್ಕು ವಾರಗಳ ಸರಾಸರಿಯನ್ನು ಹಿಂದಿನ ನಾಲ್ಕು ವಾರಗಳ ಸರಾಸರಿಯೊಡನೆ ಹೋಲಿಸತೊಡಗಿದೆ. ಮನೆಯವರ ಸಹಕಾರವೂ ದೊಡ್ಡದು. ನಮ್ಮ ಯಜಮಾನರು ಮಾತಿನಲ್ಲಿ ಏನೂ ಹೇಳದೆ ಒಂದು ದಿನ ತಮ್ಮ ಕಾಫಿಗೂ ಸಕ್ಕರೆ ಬೇಡವೆಂದರು. ಸೊಸೆ ಪಲ್ಯಕ್ಕೆ ಎಣ್ಣೆ ಅಳೆದು ಹಾಕತೊಡಗಿದಳು. ಮನೆಯಲ್ಲಿ ಒಬ್ಬರಿಗೆ ಬೇರೆ ಪಥ್ಯ, ಉಳಿದವರಿಗೆ ಬೇರೆ ಊಟವೆಂದಾದರೆ ಆ ಪಥ್ಯ ಬಹಳ ದಿನ ಬಾಳುವುದಿಲ್ಲ.

ಏಪ್ರಿಲ್‌ನಲ್ಲಿ, ಪಾಸ್ಕ ಹಬ್ಬ ಕಳೆದ ಮೇಲೆ, ಮತ್ತೆ ರಕ್ತಪರೀಕ್ಷೆ ಮಾಡಿಸಿದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಈ ಪರೀಕ್ಷೆಯ ಫಲ ಬದಲಾಗಲು ಮೂರು ತಿಂಗಳಾದರೂ ಬೇಕು. ನಮ್ಮ ರಕ್ತವೇ ತನಗೆ ಬೇಕಾದ ಕಾಲವನ್ನು ಕೇಳುತ್ತದೆ. ತೂಕ 69.5. ಇಳಿದದ್ದು ಒಂದೂವರೆ ಕಿಲೋ ಮಾತ್ರ. ಸೊಂಟ 92. ಸಕ್ಕರೆ 6.3ರಿಂದ 6.0ಗೆ ಬಂದಿತ್ತು. ಒಂದು ವರ್ಷ ತುಂಬುವಾಗ ತೂಕ 66.5ಕ್ಕೂ ಸಕ್ಕರೆ 5.8ಕ್ಕೂ ಇಳಿದಿದ್ದವು. ಐದು ಕಿಲೋಗೆ ಇನ್ನೂ ಅರ್ಧ ಕಿಲೋ ಬಾಕಿ. ಹೊಸ್ತಿಲಿನಿಂದ ನಾನು ಪೂರ್ತಿಯಾಗಿ ಹಿಂದೆ ಸರಿದಿಲ್ಲ. ಆದರೆ ಒಳಗೆ ಕಾಲಿಟ್ಟಿಲ್ಲ.

ಒಂದೆರಡು ಎಚ್ಚರಿಕೆಯ ಮಾತುಗಳನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ಮೂರು ನಾಲ್ಕು ತಿಂಗಳು ನಿಷ್ಠೆಯಿಂದ ಪ್ರಯತ್ನಿಸಿದರೂ ತೂಕ, ಸುತ್ತಳತೆ ಯಾವುದೂ ಕದಲದಿದ್ದರೆ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ಗ್ರಂಥಿಯ ಕೊರತೆ, ಸ್ಟಿರಾಯ್ಡ್‌ನಂಥ ಔಷಧಿಗಳು, ನಿದ್ರೆಯ ಅಭಾವ ಇವು ಕಾರಣವಾಗಿರಬಹುದು. ಫಲ ಕಾಣಲಿಲ್ಲವೆಂದು ಊಟವನ್ನೇ ಬಿಡುವುದು ಅಪಾಯಕರ; ಆಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮಷ್ಟಕ್ಕೆ ಊಟ ತಪ್ಪಿಸಬಾರದು. ತೂಕ ಇಳಿಸುವ ವಾರಕ್ಕೊಂದು ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದಿವೆ. ಅಗತ್ಯವಿದ್ದವರಿಗೆ ಅವು ಉಪಕಾರಿ. ಆದರೆ ವೈದ್ಯರ ಸಲಹೆಯಿಲ್ಲದೆ ತಗೆದುಕೊಳ್ಳುವಂಥವಲ್ಲ, ನಿಲ್ಲಿಸಿದರೆ ಇಳಿದ ತೂಕದ ಬಹುಭಾಗ ಮರಳಿ ಬರುವುದೂ ಉಂಟು.

ತಪಸ್ಸುಕಾಲದ ಉಪವಾಸವನ್ನು ತೂಕ ಇಳಿಸುವ ಉಪಾಯವೆಂದು ನಾನು ಎಂದೂ ಎಣಿಸಿಲ್ಲ; ಅದರ ಉದ್ದೇಶವೇ ಬೇರೆ. ಆದರೂ ಅದು ಕಲಿಸುವ ಒಂದು ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಲವತ್ತು ದಿನಗಳಲ್ಲಿ ಪ್ರತಿದಿನವೂ ಮನಸ್ಸಿಗೆ ಉಲ್ಲಾಸವಿರುವುದಿಲ್ಲ. ಉಲ್ಲಾಸವಿಲ್ಲದ ದಿನವೂ ಹಿಡಿದ ನೇಮವನ್ನು ನಡೆಸುತ್ತೇವೆ. ನಡೆಯುವ ಚಪ್ಪಲಿಯನ್ನು ರಾತ್ರಿಯೇ ಬಾಗಿಲ ಬಳಿ ಇಟ್ಟು ಮಲಗುವುದು ನನ್ನ ಪಾಲಿಗೆ ಅಂಥದೊಂದು ನೇಮವಾಗಿದೆ. ಬೆಳಿಗ್ಗೆ ಎದ್ದು ಮನಸ್ಸನ್ನು ಕೇಳುವುದಿಲ್ಲ, ಚಪ್ಪಲಿ ಮೆಟ್ಟುತ್ತೇನೆ.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿಯೂ ಯಾರಾದರೂ ಹೀಗೆ ಪ್ರಯತ್ನ ಆರಂಭಿಸಿ, ಮುಳ್ಳು ಕದಲದೆ ಮನಸ್ಸು ಕುಗ್ಗಿ ಕುಳಿತಿರಬಹುದು. ಅವರನ್ನು “ಎಷ್ಟು ಇಳಿದೆ?” ಎಂದು ಕೇಳಬೇಡಿರಿ. “ಇಂದು ನಡೆದೆಯಾ? ನಾಳೆ ನಾನೂ ಬರಲೇ?” ಎಂದು ಕೇಳಿರಿ. ಕೆರೆಯ ಏರಿ ಇಬ್ಬರು ನಡೆಯುವಷ್ಟು ಅಗಲವಾಗಿಯೇ ಇದೆ.