ಮೂಲೆಯಲ್ಲಿದ್ದ ಎರಡಕ್ಷರ

ನಮ್ಮ ಅಬ್ಬಾ ಉರ್ದು ಪತ್ರಿಕೆಯೊಂದರಲ್ಲಿ ಕಾತಿಬರಾಗಿದ್ದರು. ಬಿದಿರಿನ ಕಲಮನ್ನು ಮಸಿಯಲ್ಲಿ ಅದ್ದಿ ಪುಟ ಪೂರ್ತಿ ನಸ್ತಾಲಿಕ್ ಅಕ್ಷರಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಪುಸ್ತಕ ಬರೆದುಕೊಟ್ಟಾಗ ಮಾತ್ರ ಕೊನೆಯ ಪುಟದ ಮೂಲೆಯಲ್ಲಿ, ಕಂಡೂ ಕಾಣದಷ್ಟು ಸಣ್ಣದಾಗಿ, ತಮ್ಮ ಹೆಸರು ಹಾಕುತ್ತಿದ್ದರು.

1997ರಲ್ಲಿ ಆ ಕಚೇರಿಗೆ ಕಂಪ್ಯೂಟರ್ ಬಂತು. ಅದರಲ್ಲಿ 'ಇನ್‌ಪೇಜ್' ಎಂಬ ಉರ್ದು ತಂತ್ರಾಂಶವಿತ್ತು. ಅಬ್ಬಾ ಕೆಲಸ ಕಳೆದುಕೊಂಡು ಮನೆಗೆ ಬಂದರು. ಅದೇ ಕಂಪ್ಯೂಟರಿನ ಮುಂದೆ ಆಪರೇಟರ್ ಆಗಿ ಹೋಗಿ ಕುಳಿತವನು ನಾನು. ಆಗ ನನಗೆ ಹದಿನೆಂಟು. ಮೊದಲ ಸಂಬಳ ಅಮ್ಮಿಯ ಕೈಗಿಟ್ಟ ದಿನ, ಮಗ್ರಿಬ್ ನಮಾಜಿಗೆ ಹೋದ ಅಬ್ಬಾ ಇಶಾ ಮುಗಿಸಿಯೇ ಮನೆಗೆ ಬಂದರು. ಈ ವಿಷಯವನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ.

ಮೊನ್ನೆ, ಡಿಪ್ಲೊಮಾ ಓದುತ್ತಿರುವ ಮಗಳು ನಲವತ್ತು ಕಾಲಿನ ಕಪ್ಪು ಚಿಪ್ಪೊಂದನ್ನು ತಂದಿದ್ದಳು. 8051 ಎಂಬ ಮೈಕ್ರೊಕಂಟ್ರೋಲರ್. 1980ರಲ್ಲಿ ಇಂಟೆಲ್ ಹೊರತಂದ ತಳಿ.

"ಜರಿಹುಳದ ಹಾಗಿದೆ. ನನ್ನ ಅನ್ನ ಕಸಿದದ್ದು ಇದೇನಾ?" ಎಂದರು ಅಬ್ಬಾ.

"ಇದಲ್ಲ ದಾದಾ, ಇದರ ನೆಂಟರು" ಎಂದು ಮಗಳು ವಂಶಾವಳಿ ಬಿಡಿಸಿದಳು. 1971ರಲ್ಲಿ 4004 ಬಂತು. ಜಪಾನಿನ ಬಿಸಿಕಾಮ್ ಕಂಪನಿಯ ಲೆಕ್ಕದ ಯಂತ್ರಕ್ಕೆಂದು ಮಾಡಿದ್ದು. ಉಗುರಿಗಿಂತ ಚಿಕ್ಕ ತುಣುಕಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್. ಮರುವರ್ಷ 8008, 1974ರಲ್ಲಿ 8080, 1978ರಲ್ಲಿ 8086. ನಾನು ಕುಳಿತ ಕಂಪ್ಯೂಟರಿನ ಚಿಪ್ಪು ಈ 8086ರ ಸಂತಾನ.

"ಮೊದಲನೆಯದನ್ನು ಬರೆದವರು ಯಾರು?" ಅಬ್ಬಾ ಕೇಳಿದ್ದು ಹಾಗೆಯೇ, 'ಬರೆದವರು' ಎಂದು.

ಆ ಮಾತು ತಪ್ಪೇನೂ ಆಗಿರಲಿಲ್ಲ. ಅಂದು ಚಿಪ್ಪಿನ ನಕ್ಷೆಯನ್ನು ಕೈಯಲ್ಲೇ ಬಿಡಿಸುತ್ತಿದ್ದರು. ಕೆಂಪು ಪದರದ ಹಾಳೆಯನ್ನು ಚಾಕುವಿನಿಂದ ಗೆರೆಗೆರೆಯಾಗಿ ಕತ್ತರಿಸಿ, ಅದನ್ನು ಫೋಟೋದಲ್ಲಿ ನೂರಾರು ಪಟ್ಟು ಕುಗ್ಗಿಸಿ ಸಿಲಿಕಾನ್ ಮೇಲೆ ಇಳಿಸುತ್ತಿದ್ದರು. ಮಗಳು ಮೊಬೈಲಿನಲ್ಲಿ 4004ರ ದೊಡ್ಡ ಚಿತ್ರ ತೋರಿಸಿದಳು. ಅಂಚಿನಲ್ಲಿ 'ಎಫ್. ಎಫ್.' ಎಂಬ ಎರಡಕ್ಷರ. ಅದನ್ನು ರೂಪಿಸಿದ ಇಟಲಿಯ ಫೆಡೆರಿಕೊ ಫಾಗಿನ್ ಹಾಕಿದ ರುಜು.

ಅಬ್ಬಾ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಒಬ್ಬನೇ ಮಾಡಿದನಾ?"

"ಇಲ್ಲ ದಾದಾ. ಟೆಡ್ ಹಾಫ್, ಸ್ಟಾನ್ ಮೇಜರ್, ಬಿಸಿಕಾಮ್‌ನಿಂದ ಬಂದಿದ್ದ ಮಸಾತೋಶಿ ಶಿಮಾ ಕೂಡ ಇದ್ದರು. 1997ರಲ್ಲಿ ನಾಲ್ವರಿಗೂ ಸೇರಿಸಿ ಕ್ಯೋಟೊ ಪ್ರಶಸ್ತಿ ಕೊಟ್ಟರು."

ಅದೇ 1997. ನಾನು ತಲೆ ತಗ್ಗಿಸಿದೆ.

"ನೀನು ಆ ಕೆಲಸಕ್ಕೆ ಹೋದದ್ದು ತಪ್ಪಲ್ಲ ಬೇಟಾ" ಎಂದರು ಅಬ್ಬಾ. "ಆ ವರ್ಷ ಮನೆಗೆ ಅಕ್ಕಿ ಬಂದದ್ದೇ ಅದರಿಂದ. ಈ ಹುಳದ ಮೇಲೂ ನನಗೆ ಸಿಟ್ಟಿಲ್ಲ. ಇದನ್ನೂ ಯಾರೋ ಕಣ್ಣು ನೋಯಿಸಿಕೊಂಡೇ ಬರೆದಿದ್ದಾರೆ. ಇಪ್ಪತ್ತಾರು ವರ್ಷ ಬರೆದವನನ್ನು ಒಂದು ಮಾತೂ ಆಡದೆ ಕಳಿಸಿದರಲ್ಲ, ನೋವಾದದ್ದು ಅದಕ್ಕೆ."

ಇಷ್ಟು ಕೇಳಲು ನಾನು ಇಷ್ಟೊಂದು ವರ್ಷ ಕಾಯಬೇಕಾಯಿತು. ನಾನೇ ಮೊದಲು ಕೇಳಬಹುದಿತ್ತು.

ರಾತ್ರಿ ಅಬ್ಬಾ ಹಳೆಯ ಕಲಮ್ ಹುಡುಕಿ ತೆಗೆದು ಮೊಮ್ಮಗಳ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಅವಳ ಹೆಸರು ಬರೆದುಕೊಟ್ಟರು. ಕೈ ನಡುಗುತ್ತಿತ್ತು.

"ಮೂಲೆಯಲ್ಲಿ ನಿಮ್ಮ ಹೆಸರೂ ಬರೆಯಿರಿ ಅಬ್ಬಾ" ಎಂದೆ.

ಬರೆದರು.