ಬೆರಳಿಗೆ ಉತ್ತರ ಕೊಡುವ ಸ್ಪ್ರಿಂಗು

ದುಡಿಯುವ ಕೈಗೆ ತನ್ನ ಕೆಲಸ ಆಯಿತೋ ಇಲ್ಲವೋ ಎಂಬುದು ತಿಳಿಯಬೇಕು. ಕಮ್ಮಾರನಿಗೆ ಸುತ್ತಿಗೆಯ ಸದ್ದು ಅದನ್ನು ತಿಳಿಸುತ್ತದೆ. ಟೈಪಿಸ್ಟನಿಗೆ ಹಿಂದೆ ಅಕ್ಷರದ ಅಚ್ಚು ಕಾಗದಕ್ಕೆ ಬಡಿದ ಸದ್ದೇ ಉತ್ತರವಾಗಿತ್ತು. ಕಂಪ್ಯೂಟರಿನಲ್ಲಿ ಕಾಗದವೂ ಇಲ್ಲ, ಬಡಿತವೂ ಇಲ್ಲ. ಅಲ್ಲಿ ಆ ಉತ್ತರವನ್ನು ಮರಳಿ ಕೊಟ್ಟದ್ದು ಒಂದು ಪುಟ್ಟ ಸ್ಪ್ರಿಂಗು.

ಐಬಿಎಂ ಕಂಪೆನಿಯ ಇಂಜಿನಿಯರ್ ರಿಚರ್ಡ್ ಹ್ಯಾರಿಸ್ ರೂಪಿಸಿದ ಈ 'ಬಕ್ಲಿಂಗ್ ಸ್ಪ್ರಿಂಗ್' ಸ್ವಿಚ್ಚಿಗೆ 1978ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಪ್ರತಿ ಕೀಲಿಯ ಕೆಳಗೂ ಒಂದು ಸುರುಳಿ ಸ್ಪ್ರಿಂಗ್ ಇರುತ್ತದೆ. ಒತ್ತಿದಷ್ಟೂ ಅದು ಎದುರೊತ್ತುತ್ತದೆ. ಕೊನೆಗೆ ಭಾರ ತಾಳಲಾರದೆ ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಆಗ ಬುಡದಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡು ಹೊರಳಿ ಅಕ್ಷರದ ಸಂಕೇತ ಹೋಗುತ್ತದೆ. ಕಿವಿಗೆ ಸದ್ದು, ಬೆರಳಿಗೆ ಸ್ಪರ್ಶ, ಯಂತ್ರಕ್ಕೆ ಸಂಕೇತ ಮೂರೂ ಆ ಒಂದೇ ಬಾಗುವಿಕೆಯಿಂದ ಹುಟ್ಟುತ್ತವೆ.

1981ರ ಐಬಿಎಂ ಪಿಸಿಯ ಜೊತೆಗೆ ಬಂದ 'ಮಾಡೆಲ್ ಎಫ್' ಕೀಬೋರ್ಡಿನಲ್ಲಿ ಇದೇ ಸ್ಪ್ರಿಂಗ್ ಇತ್ತು. 1985ರಲ್ಲಿ ಇನ್ನೂ ಕಡಿಮೆ ಖರ್ಚಿನ 'ಮಾಡೆಲ್ ಎಂ' ಬಂತು. ಅದರ 101 ಕೀಲಿಗಳ ಜೋಡಣೆಯನ್ನೇ ಇಂದಿನ ಕೀಬೋರ್ಡುಗಳು ಬಹುಮಟ್ಟಿಗೆ ಅನುಸರಿಸುತ್ತಿವೆ. ಆದರೆ ಜೋಡಣೆ ಉಳಿಯಿತು, ಸ್ಪ್ರಿಂಗ್ ಹೋಯಿತು. ಅಗ್ಗದ ರಬ್ಬರ್ ಗುಮ್ಮಟ ಅದರ ಜಾಗಕ್ಕೆ ಬಂತು. 1991ರಲ್ಲಿ ಐಬಿಎಂನಿಂದ ಬೇರೆಯಾದ ಲೆಕ್ಸ್‌ಮಾರ್ಕ್ ಕೂಡ 1996ರಲ್ಲಿ ಈ ತಯಾರಿಕೆಯನ್ನು ಕೈಬಿಟ್ಟಿತು. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಯುನಿಕಾಂಪ್ ಎಂಬ ಸಣ್ಣ ಕಂಪೆನಿ ಅದನ್ನು ವಹಿಸಿಕೊಂಡು ಉಳಿಸಿತು.

ಬಹಳ ಜನರಿಗೆ ಇಂತಹ ಹಳೆಯ ಕೀಬೋರ್ಡ್ ಬರೀ ಹವ್ಯಾಸ. ನನಗೆ ಹಾಗಲ್ಲ. ಡಿಟಿಪಿ ನನ್ನ ಹೊಟ್ಟೆಪಾಡು, ಕಣ್ಣೋ ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿದೆ. ಕನ್ನಡದಲ್ಲಿ 'ಕ್ಕ' ಎಂಬ ಒಂದು ಒತ್ತಕ್ಷರಕ್ಕೆ ಮೂರು ಬಾರಿ ಕೀಲಿ ಒತ್ತಬೇಕು. ನಡುವಿನದು ತಾಗದಿದ್ದರೆ 'ಅಕ್ಕ' ಎಂಬುದು 'ಅಕಕ' ಆಗುತ್ತದೆ. ರಬ್ಬರ್ ಕೀಲಿ ತಾಗಿತೇ ಎಂದು ತಿಳಿಯಲು ಪದೇ ಪದೇ ಪರದೆಗೆ ಮುಖ ಒಡ್ಡಬೇಕು. ಸೆಕೆಂಡ್ ಹ್ಯಾಂಡಾಗಿ ಕೊಂಡ ಮಾಡೆಲ್ ಎಂನಲ್ಲಿ ಬೆರಳೇ ಮೂರು ಸದ್ದು ಎಣಿಸಿಕೊಳ್ಳುತ್ತದೆ. ರಾತ್ರಿಯ ಹೊತ್ತು ಈ ಗಲಾಟೆಗೆ ಮನೆಯವರು ಗೊಣಗುವುದುಂಟು. ಅದು ನ್ಯಾಯವೇ.

ವಸ್ತುಗಳನ್ನು ಅಗ್ಗ ಮಾಡುವುದು ತಪ್ಪಲ್ಲ. ಅದರಿಂದಲೇ ಕಂಪ್ಯೂಟರ್ ನಮ್ಮಂತಹವರ ಮನೆಗೂ ಬಂತು. ಆದರೆ ಬೇಡವೆಂದು ಕಳಚುವ ಭಾಗ ಯಾರ ಆಸರೆಯಾಗಿತ್ತು ಎಂದು ಕೇಳುವವರೂ ಇರಬೇಕು. ಈಗ ಬ್ಯಾಂಕಿನ ಯಂತ್ರದಿಂದ ಟಿಕೆಟ್ ಯಂತ್ರದವರೆಗೆ ಎಲ್ಲೆಲ್ಲೂ ನುಣುಪಾದ ಗಾಜು ಬರುತ್ತಿದೆ. ಕಣ್ಣಿದ್ದವರು ಅದನ್ನು ನೋಡಿ ಒತ್ತುತ್ತಾರೆ. ಉಳಿದವರು ಪಕ್ಕದವರ ಮುಖ ನೋಡಬೇಕಾಗುತ್ತದೆ.