ಒಡಲಿಲ್ಲದ ಕೊರಲು

ರಾಂಪುರ, ಚಳ್ಳಕೆರೆಗಳ ಬಯಲುಸೀಮೆಯಲ್ಲಿ ಹಾಡು ಹಾಡುವವರ ಒಡಲನ್ನು ಬಿಟ್ಟು ಇರುವಂಥದಲ್ಲ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದುಬರಹವಿರಲಿಲ್ಲ. ಹಿರಿಯರಿಂದ ಕೇಳಿದುದೆಲ್ಲ ನೆನಪಿನಲ್ಲಿದ್ದಿತು. ಕೃಷ್ಣಮೂರ್ತಿ ಹನೂರರು ಅದನ್ನು ಬರಹಕ್ಕಿಳಿಸಿದರು. ಹಾಡು ಉಳಿಯಿತು, ಆ ಕೊರಲು ಅಜ್ಜಿಯೊಡನೆಯೇ ಹೋಯಿತು.

ಜಪಾನಿನಲ್ಲಿ ಇದಕ್ಕೆ ತಿರುಗುಮುರುಗಾದುದೊಂದು ನಡೆದಿದೆ. ಅಲ್ಲಿ ಕೊರಲು ಮೊದಲು, ಹಾಡು ಆಮೇಲೆ. ಸಪ್ಪೊರೊ ನಗರದ ಕ್ರಿಪ್ಟನ್ ಸಂಸ್ಥೆಯವರು 2007ರ ಆಗಸ್ಟಿನಲ್ಲಿ ಹತ್ಸುನೆ ಮಿಕು ಎಂಬ ಗಾಯಕಿಯನ್ನು ಮಾರಾಟಕ್ಕೆ ತಂದರು. ಆಕೆ ಬರಿಯ ಚಿತ್ರ. ವಯಸ್ಸು 16, ಎಂದೆಂದಿಗೂ 16. ಫುಜಿತಾ ಸಾಕಿ ಎಂಬ ನಟಿಯ ದನಿಯನ್ನು ತುಣುಕು ತುಣುಕಾಗಿ ಹಿಡಿದಿಟ್ಟಿರುವರು. ಕೊಂಡವರು ಸ್ವರವನ್ನೂ ಸಾಹಿತ್ಯವನ್ನೂ ಬರೆದಿತ್ತರೆ ಯಮಾಹಾದವರ ವೋಕಲಾಯ್ಡ್ ತಂತ್ರಾಂಶವು ಆ ತುಣುಕುಗಳನ್ನು ಹೊಸೆದು ಹಾಡಿಸುವುದು. ಅಪರಿಚಿತರಾದ ಸಾವಿರಾರು ಮಂದಿ ಆ ಒಂದೇ ಕಂಠಕ್ಕೆ ಹಾಡು ಕಟ್ಟಿರುವರು. ಇದು ಸಣ್ಣ ಮಾತಲ್ಲ.

ಜಪಾನೀ ನುಡಿಯಲ್ಲಿ ರಕಾರ ಲಕಾರಗಳಿಗೆ ಭೇದವಿಲ್ಲ, ಳಕಾರವಂತೂ ಇಲ್ಲವೇ ಇಲ್ಲ. ಚಳ್ಳಕೆರೆಯೆಂಬ ಹೆಸರೇ ಆ ನಾಲಗೆಗೆ ತೊಡಕು! ಅದಾದರೂ ಮುಂದೆ ತಿದ್ದಿಕೊಳ್ಳಬಹುದಾದ ಕೊರತೆ. ಬಾಯಿಂದ ಬಾಯಿಗೆ ಬರುವ ಹಾಡಿನಲ್ಲಿ ಒಂದು ನುಡಿ ಉದುರುವುದು, ಇನ್ನೊಂದು ಚಿಗುರುವುದು. ಮಿಕುವಿಗೆ ಅಂಥ ಮರೆವೂ ಇಲ್ಲ, ಆಯಾಸವೂ ಇಲ್ಲ. ಚರಣದ ನಡುವೆ ಉಸಿರೆಳೆವ ಸದ್ದು ಕೇಳಬೇಕೆಂದರೆ ಅದನ್ನೂ ಹಾಡು ಕಟ್ಟಿದವರೇ ಅಲ್ಲಲ್ಲಿ ಸೇರಿಸಬೇಕು.